ಮನೆಯ ಹಾಡಿನ ಪಟ್ಟಿ ಯಾರ ಕೈಯಲ್ಲಿರಬೇಕು?

ಪುಣೆಯ ಕೊಥ್ರೂಡ್‌ನಲ್ಲಿರುವ ನಮ್ಮ ಮನೆಯಲ್ಲಿ ಕಳೆದ ಏಳೆಂಟು ವರ್ಷಗಳಲ್ಲಿ ಸಂಗೀತ ಕೇಳುವ ಮೂರು ವ್ಯವಸ್ಥೆಗಳು ಒಂದರ ಹಿಂದೆ ಒಂದು ಬಂದಿವೆ. ಮೊದಲನೆಯದು ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸಿದ ಸ್ಪೀಕರ್. ಎರಡನೆಯದು ತಿಂಗಳ ಚಂದಾ ಕಟ್ಟಿ, ಬಾಯಿಮಾತಿನ ಅಪ್ಪಣೆ ಕೇಳುವ ವೈಫೈ ಸ್ಪೀಕರಿನಲ್ಲಿ ಹಾಡು ಹಾಕಿಸಿಕೊಳ್ಳುವುದು. ಮೂರನೆಯದು ನಮ್ಮದೇ ಸಿ.ಡಿ. ಮತ್ತು ಕ್ಯಾಸೆಟ್ಟುಗಳನ್ನು ಕಡತಗಳನ್ನಾಗಿ ಮಾಡಿ, ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕದಿಂದ ಮನೆಯೊಳಗೆಲ್ಲ ಹರಿಸುವುದು. ಇಂಥವನ್ನು ಹೋಲಿಸುವವರು ಧ್ವನಿಯ ಗುಣಮಟ್ಟದಿಂದ ಮಾತು ತೆಗೆದು ಬೆಲೆಯಲ್ಲಿ ಮುಗಿಸುವುದು ವಾಡಿಕೆ. ಹಿಂದುಸ್ತಾನಿ ಗಾಯನದ ಖಯಾಲ್, ದಾಸವಾಣಿ, ವಚನಗಾಯನ ಕೇಳುವ ಮನೆಯವರು ಅದಕ್ಕೂ ಮೊದಲು ವಿಚಾರಿಸಬೇಕಾದದ್ದು ಒಂದಿದೆ: ಹಾಡು ಯಾರದು, ಯಾವ ರಾಗದ್ದು, ಯಾವುದರ ಹಿಂದೆ ಯಾವುದು ಬರಬೇಕು ಎಂಬ ಪಟ್ಟಿಯನ್ನು ಬರೆಯುವವರು ಯಾರು? ಮೂರು ವ್ಯವಸ್ಥೆಗಳನ್ನೂ ನಾನು ತೂಗಿ ನೋಡಿದ್ದು ಈ ತಕ್ಕಡಿಯಲ್ಲಿಯೇ.

ಬ್ಲೂಟೂತಿನ ವಿಷಯವನ್ನು ಬೇಗ ಮುಗಿಸಬಹುದು. ಅದರಲ್ಲಿ ಹಾಡು ಮೊಬೈಲಿನೊಳಗಿಂದಲೇ ಸ್ಪೀಕರಿಗೆ ಹೋಗಬೇಕಾದ್ದರಿಂದ ಕರೆ ಬಂದೊಡನೆ ಗಾಯಕ ಬಾಯಿ ಮುಚ್ಚುತ್ತಾನೆ, ಮೊಬೈಲ್ ಕಿಸೆಯಲ್ಲಿಟ್ಟುಕೊಂಡವರು ತರಕಾರಿ ತರಲು ಮೆಟ್ಟಿಲಿಳಿದರೆ ಅವರೊಂದಿಗೆ ಹಾಡೂ ಮನೆ ಬಿಟ್ಟು ಹೋಗುತ್ತದೆ. ಸಿ.ಡಿ.ಯ ಧ್ವನಿ ಸೆಕೆಂಡಿಗೆ 1,411 ಕಿಲೋಬಿಟ್ಟಿನದು; ಸಾಮಾನ್ಯ ಬ್ಲೂಟೂತ್ ಅದನ್ನು ಮುನ್ನೂರರ ಆಸುಪಾಸಿಗೆ ಕುಗ್ಗಿಸಿಯೇ ಸಾಗಿಸುತ್ತದೆ. ನಷ್ಟರಹಿತ ಧ್ವನಿಗೆಂದು ಹೆಚ್ಚಿನ ಚಂದಾ ಕಟ್ಟಿ ಕೊನೆಗೆ ಬ್ಲೂಟೂತ್ ಸ್ಪೀಕರಿನಲ್ಲಿ ಕೇಳುವ ಗೆಳೆಯರು ನನಗಿದ್ದಾರೆ. ಅವರಿಗೆ ಇದನ್ನು ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ವೈಫೈ ಸ್ಪೀಕರಿನ ಕ್ರಮ ಬೇರೆ. ಹಾಡನ್ನು ಸ್ಪೀಕರ್ ತಾನೇ ಅಂತರ್ಜಾಲದಿಂದ ತರಿಸಿಕೊಳ್ಳುತ್ತದೆ, ಮೊಬೈಲಿಗೆ ರಿಮೋಟಿನ ಕೆಲಸವಷ್ಟೇ ಉಳಿಯುತ್ತದೆ. ಹೊಸ ಚಿತ್ರಗೀತೆ, ಮಗಳ ಪರದೇಶಿ ಹಾಡುಗಳು, ನಿನ್ನೆ ಬಿಡುಗಡೆಯಾದದ್ದು, ಎಲ್ಲವೂ ಕೂತಲ್ಲೇ ದೊರೆಯುತ್ತವೆ. ಈ ಅನುಕೂಲವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಧ್ವನಿಯ ಬಗ್ಗೆಯೂ ನನ್ನ ತಕರಾರಿಲ್ಲ. ಸೆಕೆಂಡಿಗೆ 320 ಕಿಲೋಬಿಟ್ಟಿನ ಹರಿವಿಗೂ ಸಿ.ಡಿ.ಗೂ ನಡುವಿನ ಅಂತರವನ್ನು ಕಣ್ಣು ಮುಚ್ಚಿ ಕೂತು ಪರೀಕ್ಷಿಸಿದಾಗ ನನ್ನ ಐವತ್ತೆರಡರ ಕಿವಿಗಳು ಮೂರಕ್ಕೆ ಎರಡು ಸಲ ತಪ್ಪು ಹೇಳಿದವು. ತಕರಾರು ಹುಟ್ಟಿದ್ದು ರಾಗಗಳನ್ನು ಕೇಳತೊಡಗಿದಾಗ. ‘ಯಮನ್ ಹಾಕು’ ಎಂದರೆ ಆ ಯಂತ್ರ ಯೆಮೆನ್ ದೇಶದ ರಾಜಧಾನಿಯ ಹೆಸರನ್ನು ನನಗೆ ತಿಳಿಸಿಕೊಟ್ಟಿತು.

ಅದನ್ನು ನಕ್ಕು ಬಿಡಬಹುದಿತ್ತು. ಬಿಡಲಾಗದ್ದು ಖಯಾಲಿನ ಸಂಗತಿ. ಒಂದೇ ರಾಗದ ವಿಲಂಬಿತ (ನಿಧಾನಗತಿಯ) ಮತ್ತು ದ್ರುತ (ವೇಗದ) ಬಂದಿಶುಗಳನ್ನು, ಅಂದರೆ ರಚನೆಗಳನ್ನು, ಗಾಯಕರು ನಡುವೆ ನಿಲ್ಲದೆ ಹಾಡಿರುತ್ತಾರೆ. ಸಿ.ಡಿ. ಮಾಡಿದವರು ಅವಕ್ಕೆ ಎರಡು ಬೇರೆ ಸಂಖ್ಯೆ ಕೊಟ್ಟರು, ಯಾಕೆಂದರೆ ಸಿ.ಡಿ.ಯಲ್ಲಿ ಎರಡೂ ಒಂದರ ಬೆನ್ನಿಗೊಂದು ಇದ್ದೇ ಇರುತ್ತಿದ್ದವು. ಚಂದಾ ಸೇವೆಗಳಲ್ಲಿ ಈ ಎರಡು ಸಂಖ್ಯೆಗಳು ಎರಡು ಸ್ವತಂತ್ರ ‘ಹಾಡು’ಗಳಾಗುತ್ತವೆ. ಅರ್ಧ ಗಂಟೆಯ ವಿಲಂಬಿತವನ್ನು ಕೇಳುವವರು ಕಡಿಮೆ, ಆರು ನಿಮಿಷದ ದ್ರುತವನ್ನು ಕೇಳುವವರು ಹೆಚ್ಚು. ಅದರಿಂದಾಗಿ ತಾನಾಗಿ ಹೊಸೆದುಕೊಳ್ಳುವ ಪಟ್ಟಿಗಳಲ್ಲಿ ದ್ರುತವೊಂದೇ, ಹಿಂದಿಲ್ಲ ಮುಂದಿಲ್ಲ ಎಂಬಂತೆ, ಎರಡು ಚಿತ್ರಗೀತೆಗಳ ನಡುವೆ ಬಂದು ಕೂರುತ್ತದೆ. ಊಟಕ್ಕೆ ಕರೆದು ಎಲೆ ಹಾಕಿ ಮಜ್ಜಿಗೆಯನ್ನಷ್ಟೇ ಬಡಿಸಿದ ಹಾಗೆ.

ಹೆಸರುಗಳ ಗೋಳು ಇನ್ನೊಂದು. ಮಲ್ಲಿಕಾರ್ಜುನ ಮನ್ಸೂರರ ಹೆಸರು ರೋಮನ್ ಲಿಪಿಯಲ್ಲಿ ಒಂದು ಕಡೆ ‘ಯು’ ಹಾಕಿ, ಇನ್ನೊಂದು ಕಡೆ ಎರಡು ‘ಓ’ ಹಾಕಿ ಬರೆದಿರುವುದರಿಂದ ನಾನು ಚಂದಾ ಕಟ್ಟುವ ಸೇವೆಯಲ್ಲಿ ಅವರು ಇಬ್ಬರಾಗಿದ್ದಾರೆ. ಒಬ್ಬರ ಹೆಸರಿನಲ್ಲಿ ಹುಡುಕಿದರೆ ಮತ್ತೊಬ್ಬರ ಧ್ವನಿಮುದ್ರಿಕೆಗಳು ಕಾಣುವುದಿಲ್ಲ. ದಾಸವಾಣಿಯ ಒಂದು ಮುದ್ರಿಕೆಯಲ್ಲಿ ಪುರಂದರದಾಸರು ಗಾಯಕರ ಸಾಲಿನಲ್ಲಿ ಕಾಣಿಸಿಕೊಂಡು, ಅವರನ್ನು ‘ಹಿಂಬಾಲಿಸಲು’ ನನಗೆ ಸೂಚನೆಯೂ ಬಂದಿತು. ದಾಸರು ಬೇಡವೆನ್ನುತ್ತಿರಲಿಲ್ಲ ಎನ್ನಿ. ವಾಗ್ಗೇಯಕಾರ, ಗಾಯಕ, ಪಕ್ಕವಾದ್ಯದವರು ಎಂಬ ಮೂರು ಪಾತ್ರಗಳನ್ನು ‘ಕಲಾವಿದ’ ಎಂಬ ಒಂದೇ ಖಾನೆಗೆ ತುರುಕಿದರೆ ಹೀಗೆಯೇ ಆಗುತ್ತದೆ. ಪಟ್ಟಿ ನಮ್ಮದಲ್ಲವಾದ್ದರಿಂದ ತಿದ್ದುವುದು ನಮ್ಮ ಕೈಯಲ್ಲಿಲ್ಲ. ಹಕ್ಕಿನ ಒಪ್ಪಂದ ಮುಗಿದ ದಿನ ಒಂದು ಇಡೀ ಮುದ್ರಿಕೆಯೇ ಸದ್ದಿಲ್ಲದೆ ಮಾಯವಾದರೂ ಕೇಳುವಂತಿಲ್ಲ.

ಪುಣೆಯಲ್ಲಿ ಕೂತು ಇದನ್ನು ಸಹಿಸುವುದು ಇನ್ನಷ್ಟು ಕಷ್ಟ. ಅಬ್ದುಲ್ ಕರೀಂ ಖಾನರು 1913ರಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದ್ದು ಈ ಊರಿನಲ್ಲಿ. ಅವರ ಶಿಷ್ಯ ಸವಾಯಿ ಗಂಧರ್ವರು ನಮ್ಮ ಕುಂದಗೋಳದವರು. ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆಂದು ಭೀಮಸೇನ ಜೋಶಿಯವರು 1953ರಲ್ಲಿ ಇಲ್ಲಿ ಆರಂಭಿಸಿದ ಉತ್ಸವಕ್ಕೆ ಇಂದಿಗೂ ಡಿಸೆಂಬರಿನಲ್ಲಿ ಜನ ಸೇರುತ್ತಾರೆ. ಖಯಾಲು, ಮರಾಠಿಯ ಅಭಂಗ, ಕನ್ನಡದ ದಾಸರ ಪದ ಮೂರನ್ನೂ ಒಬ್ಬರೇ ಹಾಡಿದ ಪರಂಪರೆ ಇದು. ಚಂದಾ ಸೇವೆ ಒಂದನ್ನು ಶಾಸ್ತ್ರೀಯವೆಂದು, ಎರಡನ್ನು ಭಕ್ತಿಗೀತೆಯೆಂದು ಬೇರೆ ಬೇರೆ ಕಪಾಟಿನಲ್ಲಿಟ್ಟು, ಅಭಂಗವನ್ನು ಕೇಳಿದವನಿಗೆ ಇನ್ನಷ್ಟು ಅಭಂಗವನ್ನೇ ಮುಂದೊಡ್ಡುತ್ತದೆ. ನಮ್ಮ ನೆರೆಯ ಮರಾಠಿ ಹಿರಿಯರೊಬ್ಬರಿಗೆ ಭೀಮಸೇನರು ಕನ್ನಡದಲ್ಲಿ ಹಾಡಿದ್ದರೆಂಬುದು ತಿಳಿದದ್ದು ನಮ್ಮ ಮನೆಯ ಸ್ಪೀಕರಿನಿಂದ.

ಮೂರನೆಯ ದಾರಿಗೆ ನಾನು ಬಂದದ್ದು ಈ ಬೇಸರದಿಂದ. ಅದರ ಹೃದಯವಾಗಿರುವ ತಂತ್ರಾಂಶಕ್ಕೆ ಹೇಳಿಕೊಳ್ಳುವಂಥ ಚರಿತ್ರೆಯಿದೆ. ಸ್ಲಿಮ್ ಡಿವೈಸಸ್ ಎಂಬ ಚಿಕ್ಕ ಅಮೆರಿಕನ್ ಕಂಪನಿ 2001ರಲ್ಲಿ ಮನೆಯ ಗಣಕದಲ್ಲಿರುವ ಹಾಡುಗಳನ್ನು ಜಾಲದ ಮೂಲಕ ನುಡಿಸುವ ಪೆಟ್ಟಿಗೆಯೊಂದನ್ನು ಮಾರಾಟಕ್ಕೆ ತಂದಿತು. ಮುಂದೆ ಅದೇ ಸ್ಕ್ವೀಜ್‌ಬಾಕ್ಸ್ ಎನಿಸಿತು. 2006ರಲ್ಲಿ ಲಾಜಿಟೆಕ್ ಆ ಕಂಪನಿಯನ್ನು ಕೊಂಡುಕೊಂಡಿತು, 2012ರಲ್ಲಿ ಪೆಟ್ಟಿಗೆಗಳ ತಯಾರಿಕೆ ನಿಂತಿತು. ಸಾಮಾನ್ಯವಾಗಿ ಇಂಥ ಕಥೆ ಅಲ್ಲಿಗೆ ಮುಗಿಯಬೇಕು. ಆದರೆ ಹಾಡು ಹಂಚುವ ಸರ್ವರ್ ತಂತ್ರಾಂಶದ ಮೂಲಪಠ್ಯ ಮೊದಲಿನಿಂದಲೂ ಎಲ್ಲರಿಗೂ ತೆರೆದಿದ್ದರಿಂದ, ಬಳಸುತ್ತಿದ್ದವರೇ ಅದನ್ನು ಕಾಪಾಡಿಕೊಂಡು ಬಂದರು. 2024ರಿಂದ ಅದಕ್ಕೆ ಲಿರಿಯಾನ್ ಮ್ಯೂಸಿಕ್ ಸರ್ವರ್ ಎಂದು ಹೆಸರು. ಇದಕ್ಕೆದುರಾಗಿ ಕ್ರೋಮ್‌ಕಾಸ್ಟ್ ಆಡಿಯೋವನ್ನು ನೋಡಬಹುದು. 2015ರಲ್ಲಿ ಬಂದ ಈ ಚೊಕ್ಕ ಸಾಧನವು ಹಳೆಯ ಆಂಪ್ಲಿಫೈಯರಿಗೂ ವೈಫೈ ಸಂಗೀತ ತಂದುಕೊಟ್ಟಿತು. 2019ರಲ್ಲಿ ಅದರ ತಯಾರಿಕೆಗೆ ತೆರೆ ಬಿದ್ದಾಗ ಅದನ್ನೇ ನಂಬಿ ಕೋಣೆಗೊಂದರಂತೆ ಕೊಳ್ಳಲು ಹೊರಟವರು ಬೇರೆ ದಾರಿ ಹುಡುಕಬೇಕಾಯಿತು.

ನನ್ನ ಏರ್ಪಾಡು ಸರಳವಾದದ್ದು. ಪಡಸಾಲೆಯಲ್ಲಿ ತಂದೆಯವರ ಕಾಲದ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಜೋಡಿಗೆ ಒಂದು ರಾಸ್ಪ್‌ಬೆರಿ ಪೈ, ಅದರ ನೆತ್ತಿಯ ಮೇಲೆ ಅಂಕಿಗಳನ್ನು ಧ್ವನಿಯಾಗಿಸುವ ಡ್ಯಾಕ್ ಎಂಬ ಸಣ್ಣ ಹಲಗೆ, ಪಕ್ಕದಲ್ಲಿ ಕಡತಗಳ ಡಿಸ್ಕ್. ಅಡುಗೆಮನೆಯಲ್ಲಿ ಇನ್ನೊಂದು ಚಿಕ್ಕ ಪೈ. ಎರಡೂ ಒಂದೇ ಹಾಡನ್ನು ಏಕಕಾಲಕ್ಕೆ, ಪ್ರತಿಧ್ವನಿ ಕೇಳದ ಹಾಗೆ ನುಡಿಸಬಲ್ಲವು. ಸರ್ವರಿಗೆ ಸುಮಾರು 5 ವ್ಯಾಟ್ ವಿದ್ಯುತ್ ಸಾಕು. ಹಗಲಿರುಳು ಹಚ್ಚಿಟ್ಟರೂ ವರ್ಷಕ್ಕೆ 44 ಯೂನಿಟ್ಟು. ಮೊದಲ ವರ್ಷ ಕರೆಂಟು ಹೋಗಿ ಬಂದು ಮೆಮೊರಿ ಕಾರ್ಡ್ ಎರಡು ಸಲ ಕೆಟ್ಟಿತು. ಆಮೇಲೆ, ಶುರುವಾಗುವಾಗಲೇ ತನ್ನನ್ನು ಪೂರ್ತಿಯಾಗಿ ರ್‍ಯಾಮಿಗೆ ಏರಿಸಿಕೊಂಡು ಕಾರ್ಡಿನ ಗೊಡವೆಗೆ ಹೋಗದ ಪೈಕೋರ್‌ಪ್ಲೇಯರ್ ಎಂಬ ವ್ಯವಸ್ಥೆಯನ್ನು ಹಾಕಿದೆ. ಕರೆಂಟಿನ ಭಯ ಹೋಯಿತು. ಕಾಂಕ್ರೀಟ್ ಗೋಡೆಗಳ ಮನೆಯಲ್ಲಿ 5 ಗಿಗಾಹರ್ಟ್ಸಿನ ವೈಫೈ ಅಡುಗೆಮನೆಗೆ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಅಲ್ಲಿಗೆ 2.4 ಗಿಗಾಹರ್ಟ್ಸ್ ಇಟ್ಟು, ಪಡಸಾಲೆಯ ಯಂತ್ರಕ್ಕೆ ಕೇಬಲ್ಲನ್ನೇ ಎಳೆದಿದ್ದೇನೆ. ಸಾವಿರಾರು ರೂಪಾಯಿಯ ಹೊಸ ಪೆಟ್ಟಿಗೆಗಿಂತ ಆ ಹತ್ತು ಮೀಟರ್ ಕೇಬಲ್ಲು ಹೆಚ್ಚಿನ ಉಪಕಾರ ಮಾಡಿತು.

ಯಂತ್ರ ಜೋಡಿಸಲು ಎರಡು ಭಾನುವಾರ ಹಿಡಿದವು. ಪಟ್ಟಿ ಬರೆಯಲು ಎರಡು ವರ್ಷ. ನಮ್ಮಲ್ಲಿದ್ದದ್ದು 340 ಸಿ.ಡಿ., ನೂರರಷ್ಟು ಕ್ಯಾಸೆಟ್ಟು. ಸಿ.ಡಿ.ಗಳನ್ನು ನಷ್ಟವಿಲ್ಲದೆ ಮಡಚುವ ಫ್ಲ್ಯಾಕ್ ಕಡತಗಳಾಗಿಸಿದಾಗ ಒಂದೊಂದೂ ಸುಮಾರು 350 ಮೆಗಾಬೈಟಿನಂತೆ ಎಲ್ಲ ಸೇರಿ 120 ಗಿಗಾಬೈಟಿನ ಆಚೀಚೆ ಆಯಿತು. ಇಡೀ ಕಪಾಟು ಈಗ ಬೆಂಕಿಪೆಟ್ಟಿಗೆಯಷ್ಟು ಡಿಸ್ಕಿನಲ್ಲಿದೆ. ಕ್ಯಾಸೆಟ್ಟು ಮಾತ್ರ ಅವಸರಕ್ಕೆ ಬಗ್ಗುವುದಿಲ್ಲ. ತೊಂಬತ್ತು ನಿಮಿಷದ ಟೇಪಿಗೆ ತೊಂಬತ್ತು ನಿಮಿಷವನ್ನೇ ಕೊಡಬೇಕು.

ಫ್ಲ್ಯಾಕ್ ಕಡತದ ಒಳಗೆ ಹಾಡಿನ ವಿವರ ಬರೆದಿಡುವ ಟ್ಯಾಗುಗಳಲ್ಲಿ ನಮಗೆ ಬೇಕಾದ ಖಾನೆಗಳನ್ನು ನಾವೇ ಹೂಡಬಹುದು ಎಂಬುದು ನನ್ನ ಪಾಲಿಗೆ ದೊಡ್ಡ ವರವಾಯಿತು. ಖಾನೆಯ ಹೆಸರು ರೋಮನ್ ಅಕ್ಷರಗಳಲ್ಲಿರಬೇಕು, ಒಳಗೆ ತುಂಬುವುದು ಕನ್ನಡದಲ್ಲಿರಬಹುದು. ರಾಗ, ತಾಳ, ವಾಗ್ಗೇಯಕಾರ, ನುಡಿ, ಧ್ವನಿಮುದ್ರಣದ ವರ್ಷ ಎಂದು ಐದು ಖಾನೆಗಳನ್ನು ಸೇರಿಸಿದೆ. ವಿಲಂಬಿತ ಮತ್ತು ದ್ರುತಗಳನ್ನು ಒಂದೇ ಕಡತವಾಗಿ ಹೊಲಿದೆ; ಹೊಲಿಯದೆ ಬಿಟ್ಟವುಗಳಲ್ಲೂ ತೊಡಕಿಲ್ಲ, ಎಂಪಿ3 ಕಡತಗಳ ತುದಿಗಳಲ್ಲಿ ಸೇರಿಕೊಳ್ಳುವ ಚೂರು ನಿಶ್ಶಬ್ದ ಫ್ಲ್ಯಾಕಿನಲ್ಲಿ ಇರುವುದಿಲ್ಲವಾದ್ದರಿಂದ ತಂಬೂರಿಯ ನಾದ ಕಡಿಯದೆ ದಾಟುತ್ತದೆ. ಧ್ವನಿಮಟ್ಟವನ್ನು ಹಾಡು ಹಾಡಿಗೂ ಸರಿದೂಗಿಸುವ ಸೌಲಭ್ಯವನ್ನು ನಿಲ್ಲಿಸಿ, ಮುದ್ರಿಕೆಗೆ ಒಂದೇ ಮಟ್ಟವೆಂದು ಇಟ್ಟೆ. ಇಲ್ಲವಾದರೆ ಮೆಲುದನಿಯ ಆಲಾಪ ದ್ರುತದಷ್ಟೇ ಜೋರಾಗಿ ಕೇಳಿ, ಗಾಯಕರು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಏರಿಕೆ ಮಟ್ಟಸವಾಗಿಬಿಡುತ್ತದೆ.

ಕನ್ನಡದಲ್ಲಿ ಬರೆದೆನೆಂದ ಮೇಲೆ ಕನ್ನಡದ ತೊಡಕುಗಳೂ ಬಂದವು. ಒಂದು ದಿನ ಗಾಯಕರ ಪಟ್ಟಿಯಲ್ಲಿ ಭೀಮಸೇನ ಜೋಶಿಯವರ ಹೆಸರು ಎರಡು ಸಲ ಕಾಣಿಸಿತು. ಅಕ್ಷರಕ್ಕೆ ಅಕ್ಷರ ಒಂದೇ. ನಾನು ಚಂದಾ ಸೇವೆಯನ್ನು ಹಳಿದದ್ದಕ್ಕೆ ತಕ್ಕ ಶಾಸ್ತಿಯಾಯಿತು ಎಂದುಕೊಂಡೆ. ಒಂದು ವಾರ ತಡಕಾಡಿದ ಮೇಲೆ ಕಾರಣ ಸಿಕ್ಕಿತು. ಗಣಕಗಳು ಅಕ್ಷರಗಳನ್ನು ಗುರುತಿಸುವ ಪದ್ಧತಿಯಾದ ಯೂನಿಕೋಡಿನಲ್ಲಿ ‘ಜೋ’ ಅಕ್ಷರದ ಓಕಾರವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ಅದರ ಮುಂದಿನ ದೀರ್ಘದ ಗುರುತು ಎಂದು ಬಿಡಿ ಚೂರುಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ. ಹಳೆಯ ಮ್ಯಾಕ್ ಗಣಕಗಳು ಕಡತದ ಹೆಸರನ್ನು ಹೀಗೆ ಬಿಡಿಸಿಯೇ ಇಟ್ಟುಕೊಳ್ಳುತ್ತಿದ್ದವು. ತಮ್ಮನ ಮ್ಯಾಕಿನಿಂದ ಬಂದ ಕಡತಗಳಲ್ಲಿ ನಾನು ಹೆಸರನ್ನೇ ಟ್ಯಾಗಿಗೆ ತುಂಬಿಸಿದ್ದರಿಂದ ಜೋಶಿಯವರು ಇಬ್ಬರಾಗಿದ್ದರು. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಸಣ್ಣ ಆಜ್ಞೆ ಬರೆದು ಓಡಿಸಿದಾಗ, ಒಂದಾದ ಹೆಸರುಗಳ ಸಂಖ್ಯೆ ನಲವತ್ತರ ಮೇಲಿತ್ತು. ವ್ಯತ್ಯಾಸವಿಷ್ಟೇ: ಅಲ್ಲಿ ಮನ್ಸೂರರು ಇಂದಿಗೂ ಇಬ್ಬರು, ಇಲ್ಲಿ ಜೋಶಿಯವರು ಆ ಸಂಜೆಯೇ ಒಬ್ಬರಾದರು.

ಸಿ.ಡಿ.ಗಿಂತ ಹೆಚ್ಚು ಸೂಕ್ಷ್ಮವಾಗಿ ಹಿಡಿದ ಧ್ವನಿ ಎಂಬ ಅರ್ಥದ ಹೈ-ರೆಸ್ ಎಂಬ ಮಾತಿನ ಬಗ್ಗೆಯೂ ಒಂದೆರಡು ಸಾಲು ಹೇಳಬೇಕು, ಯಾಕೆಂದರೆ ಅಂಗಡಿಯವರು ಮೊದಲು ತೆಗೆಯುವುದು ಅದನ್ನೇ. ಸೆಕೆಂಡಿಗೆ 44,100 ಮಾದರಿಗಳ ಸಿ.ಡಿ. ಇಪ್ಪತ್ತೆರಡು ಸಾವಿರ ಹರ್ಟ್ಸಿನವರೆಗಿನ ನಾದವನ್ನು ಹಿಡಿಯುತ್ತದೆ. ಎಳೆಯರ ಕಿವಿಗೂ ಇಪ್ಪತ್ತು ಸಾವಿರದಾಚೆ ಏನೂ ಕೇಳಿಸದು. ಮೂರು ಚಿಲ್ಲರೆ ನಿಮಿಷದ 78 ಸುತ್ತಿನ ತಟ್ಟೆಗಳಿಂದ, ಆಕಾಶವಾಣಿಯ ಹಳೆಯ ಟೇಪುಗಳಿಂದ ಬಂದ ಗಾಯನವನ್ನು 192 ಕಿಲೋಹರ್ಟ್ಸಿನ, ಅಂದರೆ ಸೆಕೆಂಡಿಗೆ 1,92,000 ಮಾದರಿಗಳ, ಕಡತವಾಗಿ ಕೊಂಡರೆ ಸ್ಪಷ್ಟವಾಗುವುದು ಸೂಜಿಯ ಸರಪರವೇ ಹೊರತು ಷಡ್ಜವಲ್ಲ. ಆ ಹಣವನ್ನು ಸ್ಪೀಕರಿಗೆ ಹಾಕುವುದು ಮೇಲು. ಇಲ್ಲವೇ ಸ್ಪೀಕರನ್ನು ಗೋಡೆಯ ಮೂಲೆಯಿಂದ ಒಂದು ಮೊಳ ಈಚೆಗೆ ಎಳೆದು, ತಬಲಾದ ಬಾಯಾಂ ಗುಂಯ್‌ಗುಡುವುದು ನಿಂತಿತೇ ಎಂದು ಕೇಳಿ ನೋಡಬಹುದು, ಅದಕ್ಕೆ ಖರ್ಚಿಲ್ಲ.

ಇಷ್ಟಾದರೂ ಚಂದಾವನ್ನು ನಾನು ಬಿಟ್ಟಿಲ್ಲ. ನಮ್ಮ ಡಿಸ್ಕಿನಲ್ಲಿ ಇಲ್ಲದ ಹಾಡು ಅಲ್ಲಿ ಸಿಗುತ್ತದೆ, ಹೊಸ ಗಾಯಕರ ಪರಿಚಯ ಅಲ್ಲಿಂದಲೇ ಆಗುತ್ತದೆ. ಮಗಳಿಗೆ ನನ್ನ ಪಟ್ಟಿ ವಸ್ತುಸಂಗ್ರಹಾಲಯವಿದ್ದಂತೆ. ಸ್ವಂತ ಸರ್ವರಿಗೆ ಮನೆಯಲ್ಲಿ ಒಬ್ಬ ಪೂಜಾರಿ ಬೇಕು ಎಂಬುದನ್ನೂ ಒಪ್ಪಬೇಕು. ನಾನು ಊರಲ್ಲಿಲ್ಲದ ವಾರ ಅದು ಕೈಕೊಟ್ಟರೆ ಮನೆಯವರು ಬ್ಲೂಟೂತಿಗೆ ಮರಳುತ್ತಾರೆ. ಅದಕ್ಕೇ, ಯಾರಾದರೂ ಯಾವುದು ಒಳ್ಳೆಯದೆಂದು ಕೇಳಿದರೆ ಮನೆಯಲ್ಲಿ ಕ್ಯಾಸೆಟ್ಟು, ಸಿ.ಡಿ.ಗಳಿವೆಯೇ ಎಂದು ಮೊದಲು ವಿಚಾರಿಸುತ್ತೇನೆ. ಇಲ್ಲದವರಿಗೆ ಚಂದಾ ಮತ್ತು ಒಂದು ವೈಫೈ ಸ್ಪೀಕರ್ ಸಾಕು. ಇರುವವರು ಇನ್ನು ಹತ್ತು ವರ್ಷ ಸುಮ್ಮನೆ ಕುಳಿತರೆ ಟೇಪು ಬೂಷ್ಟು ಹಿಡಿಯುತ್ತದೆ, ಸೋದರಮಾವನ ಮದುವೆಯಲ್ಲಿ ಯಾರೋ ಧ್ವನಿಮುದ್ರಿಸಿಕೊಂಡ ಕಚೇರಿ ಯಾವ ಚಂದಾ ಸೇವೆಯಲ್ಲೂ ಸಿಗುವುದಿಲ್ಲ.

ಹುಬ್ಬಳ್ಳಿಯಿಂದ ನಮ್ಮ ಅವ್ವ ವರ್ಷಕ್ಕೆ ಮೂರು ತಿಂಗಳು ಇಲ್ಲಿಗೆ ಬಂದಿರುತ್ತಾಳೆ. ಅವಳ ಕೈಗೆ ಮೊಬೈಲ್ ಕೊಟ್ಟು ರಾಗದ ಖಾನೆ, ವಾಗ್ಗೇಯಕಾರರ ಖಾನೆ ಎಲ್ಲ ತೋರಿಸಿದಾಗ, “ಹಾಡ ಕೇಳಾಕ ಇಷ್ಟೆಲ್ಲಾ ಒತ್ತಬೇಕೇನೋ? ನನ್ನ ರೇಡಿಯೋಕ್ಕ ಒಂದ ಗುಂಡಿ ಇತ್ತಲ್ಲೋ” ಅಂದಳು. ಅಡುಗೆಮನೆಯ ಪೈಗೆ ಒಂದು ತಿರುಗುವ ಗುಂಡಿ, ಎರಡು ಒತ್ತುವ ಗುಂಡಿ ಕೂಡಿಸಿದೆ. ಒಂದನ್ನು ಒತ್ತಿದರೆ ಅಂತರ್ಜಾಲದ ಮೂಲಕ ಧಾರವಾಡ ಆಕಾಶವಾಣಿ, ಇನ್ನೊಂದನ್ನು ಒತ್ತಿದರೆ ಗಂಗೂಬಾಯಿ ಹಾನಗಲ್ಲರು. ಆಕಾಶವಾಣಿಯ ಹರಿವಿನ ವಿಳಾಸ ಆಗೊಮ್ಮೆ ಈಗೊಮ್ಮೆ ಬದಲಾಗಿ ಮೊದಲ ಗುಂಡಿ ಮೂಕವಾಗುತ್ತದೆ. ಆಗ ಅವಳು ನನ್ನನ್ನು ಕರೆಯುವುದಿಲ್ಲ, ಎರಡನೆಯದನ್ನು ಒತ್ತಿ ಬೀನ್ಸು ಹೆಚ್ಚಲು ಕೂರುತ್ತಾಳೆ.