ಅದು ಲಂಗ ಅಲ್ಲ, ಉಡುವ ಬಟ್ಟೆ

ನಿನ್ನೆ ಗ್ಲಾಸ್ಗೋದಿಂದ ಎಡಿನ್‌ಬರಾಕ್ಕೆ ರೈಲಿನಲ್ಲಿ ಹೋಗುತ್ತಿದ್ದೆ. ಎದುರು ಸೀಟಿಗೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಬಂದರು. ಕಪ್ಪು ಕೋಟು, ಎದೆಯ ಮೇಲೆ ಬಿಳಿ ಹೂವು, ಕೆಂಪು ಚೌಕುಳಿಯ ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟದಿಂದ ಮಂಡಿಯವರೆಗೆ ಉಡುವ ನೆರಿಗೆಯ ಬಟ್ಟೆ. ಮೊಮ್ಮಗಳ ಮದುವೆಗೆ ಹೊರಟಿದ್ದರಂತೆ. ಕೂರುವ ಮುಂಚೆ ಕೈ ಹಿಂದೆ ತಂದು, ನೆರಿಗೆ ಸವರಿ, ಮೆಲ್ಲಗೆ ಕೂತರು. ರೇಷ್ಮೆ ಸೀರೆ ಉಟ್ಟು ಬಸ್ಸಿನಲ್ಲಿ ಕೂರುವಾಗ ನಮ್ಮಮ್ಮ ಹೀಗೇ ಮಾಡುತ್ತಿದ್ದರು.

ಹಿಂದಿನ ಸೀಟಿನಿಂದ ಕನ್ನಡ ಕೇಳಿಸಿತು. "ನೋಡೋ ಮಗಾ, ತಾತ ಲಂಗ ಹಾಕ್ಕೊಂಡವ್ನೆ."

ಮೂವರು ಹುಡುಗರು, ಟೂರ್ ಬಂದವರು. ಅಷ್ಟಕ್ಕೇ ನಿಂತಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಒಬ್ಬ ಎದ್ದು ಬಂದು ಫೋಟೋ ತೆಗೀಲಾ ಅಂತ ಕೇಳಿದ. ಅವರು ಖುಷಿಯಿಂದ ಒಪ್ಪಿದರು. ಫೋಟೋ ಆದ ಮೇಲೆ ಇಂಗ್ಲಿಷಿನಲ್ಲಿ ಅದೇ ಹಳೇ ಪ್ರಶ್ನೆ: ಒಳಗೆ ಏನಾದ್ರೂ ಹಾಕಿದ್ದೀರಾ?

ಹಿರಿಯರು ನಕ್ಕರು. ನಾನು ಅವರ ಕೈ ನೋಡುತ್ತಿದ್ದೆ. ಮಂಡಿಯ ಮೇಲಿದ್ದ ಕೈ ಸರಿದು ಸ್ಪೊರನ್ ಮೇಲೆ ಕೂತಿತು. ಕಿಲ್ಟಿನ ಮುಂದೆ ಸೊಂಟದಿಂದ ಇಳಿಬಿಡುತ್ತಾರಲ್ಲ, ಆ ಚರ್ಮದ ಚೀಲ. ಅಲ್ಲಿಂದಾಚೆ ದಾರಿಯುದ್ದಕ್ಕೂ ಆ ಕೈ ಏಳಲೇ ಇಲ್ಲ.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯಿತು, ಕಿಲ್ಟ್ ಉಡುತ್ತೇನೆ ಅನ್ನೋದೂ ನಿಮಗೆಲ್ಲ ಗೊತ್ತು. ಗೆಳೆಯರ ಮದುವೆಗೆ, ಜನವರಿ 25ಕ್ಕೆ ಕವಿ ರಾಬರ್ಟ್ ಬರ್ನ್ಸ್ ನೆನಪಿಗೆ ಮಾಡುವ ಊಟಕ್ಕೆ, ಹೋದ ವರ್ಷ ನಮ್ಮವರ ದೀಪಾವಳಿಗೂ ಉಟ್ಟಿದ್ದೆ. ಫೋಟೋ ಹಾಕಿದಾಗಲೆಲ್ಲ ಇಲ್ಲೇ ಕಾಮೆಂಟಿನಲ್ಲಿ "ಲಂಗ ಚೆನ್ನಾಗಿದೆ ಗುರು" ಅಂತ ಬರುತ್ತದೆ. ಬರೆದವರು ನನ್ನ ಸ್ನೇಹಿತರೇ. ಇವತ್ತು ಹೇಳಿಬಿಡುತ್ತೇನೆ, ನನಗೆ ಅದು ಬೇಜಾರಾಗುತ್ತದೆ.

ಅಂಗಿ ಹಾಕ್ಕೋತೀವಿ, ಪ್ಯಾಂಟು ಹಾಕ್ಕೋತೀವಿ. ಪಂಚೆ ಉಡ್ತೀವಿ, ಸೀರೆ ಉಡ್ತೀವಿ. ಕಿಲ್ಟ್ ಕೂಡ ಉಡುವ ಬಟ್ಟೆ. ಸುಮಾರು ಎಂಟು ಗಜದ ಉಣ್ಣೆ ಬಟ್ಟೆ ಬೇಕು, ಮಾಮೂಲಿ ಸೀರೆಗಿಂತ ಉದ್ದ. ಹಿಂದೆಲ್ಲ ನೆರಿಗೆ, ಮುಂದೆ ಮಟ್ಟಸ. ಹಳೇ ಕಾಲದಲ್ಲಿ ಹೊಲಿಗೆಯೂ ಇರಲಿಲ್ಲ. ಹೈಲ್ಯಾಂಡ್ಸಿನ, ಅಂದರೆ ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯ ಜನ ಉದ್ದನೆಯ ಹೊದಿಕೆಯನ್ನೇ ನೆರಿಗೆ ಹಿಡಿದು, ಸೊಂಟಕ್ಕೆ ಬೆಲ್ಟ್ ಬಿಗಿದು, ಮಿಕ್ಕಿದ್ದನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು. ಸ್ಕಾಟ್ಸ್ ಭಾಷೆಯಲ್ಲಿ ಕಿಲ್ಟ್ ಅಂದರೆ ಬಟ್ಟೆಯನ್ನು ಎತ್ತಿ ಕಟ್ಟುವುದು. ಗದ್ದೆಗೆ ಇಳಿಯುವ ಮುಂಚೆ ನಮ್ಮಪ್ಪ ಪಂಚೆಯನ್ನು ಮಾಡುತ್ತಿದ್ದದ್ದೂ ಅದೇ ಅಲ್ವಾ? ನೆರಿಗೆ, ಉಡು, ಎತ್ತಿ ಕಟ್ಟು. ಇಷ್ಟೆಲ್ಲ ಮಾತು ನಮ್ಮ ಬಾಯಲ್ಲೇ ಇದ್ದರೂ ಆ ಹುಡುಗರಿಗೆ ಲಂಗ ಅನ್ನೋದೇ ಸಿಕ್ಕಿತು.

ನನಗೆ ಕಿಲ್ಟ್ ಉಡಲು ಕಲಿಸಿದವರು ಪಕ್ಕದ ಮನೆಯ ಅಜ್ಜ. ಮೊದಲ ದಿನ ನಾನು ಜೀನ್ಸ್ ತರ ಸೊಂಟದ ಕೆಳಗೆ ಕಟ್ಟಿಕೊಂಡು ಬಂದಿದ್ದೆ. ಅವರು ಏನೂ ಮಾತಾಡದೆ ಬಕಲ್ ಬಿಚ್ಚಿ, ಬಟ್ಟೆಯನ್ನು ಹೊಕ್ಕುಳಿನ ಮಟ್ಟಕ್ಕೆ ಎತ್ತಿದರು. ಆಮೇಲೆ ನೆಲದ ಮೇಲೆ ಮಂಡಿಯೂರಿಸಿದರು. ಅಂಚು ನೆಲದಿಂದ ಒಂದು ಇಂಚು ಮೇಲಿದ್ದರೆ ಅಳತೆ ಸರಿ. ಎಡಗಡೆ ಬಂದು ಮುಗಿಯುವ ಪದರ ಒಳಗೆ, ಬಲಗಡೆ ಬಂದು ಮುಗಿಯುವ ಪದರ ಮೇಲೆ. ಪಿನ್ನು ಮೇಲಿನ ಪದರಕ್ಕೆ ಮಾತ್ರ, ಎರಡನ್ನೂ ಸೇರಿಸಿ ಚುಚ್ಚಿದರೆ ಬಟ್ಟೆ ಹರಿಯುತ್ತದೆ. ಎಲ್ಲ ಬಿಗಿದ ಮೇಲೆ "ಈಗ ನಡಿ" ಅಂದರು. ನಾಲ್ಕು ಹೆಜ್ಜೆ ಇಟ್ಟೆ. ಹಿಂದೆ ನೆರಿಗೆಗಳು ಎಡಕ್ಕೆ ಬಲಕ್ಕೆ ತೂಗಿದವು. ಬೆನ್ನು ತಾನಾಗೇ ನೆಟ್ಟಗಾಯಿತು.

ಕಿಲ್ಟ್ ಉಡೋಕೆ ಧೈರ್ಯ ಬೇಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಅಳತೆ ಸರಿ ಇದ್ದರೆ ಆ ಮಾತೇ ಬರೋದಿಲ್ಲ. ಬಟ್ಟೆಯ ಭಾರವೇ ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಅದನ್ನು ಕೆಡಿಸುವುದು ಆ ಒಂದು ಪ್ರಶ್ನೆ.

2024ರ ಜೂನ್‌ನಲ್ಲಿ ಯೂರೋ ಕಪ್ ಫುಟ್ಬಾಲ್ ನೋಡಲು ಮ್ಯೂನಿಕ್‌ಗೆ ಹೋಗಿದ್ದೆ, ಕಿಲ್ಟ್ ಉಟ್ಟುಕೊಂಡೇ. ಕಾಲುಚೀಲದಲ್ಲಿ ಸಿಕ್ಕಿಸುವ ಪುಟ್ಟ ಚಾಕುವನ್ನು ಲಗೇಜಿಗೆ ಹಾಕಿದ್ದೆ. ಸ್ಕಾಟ್ಲೆಂಡಿನ ಬೀದಿಯಲ್ಲಿ ಅದು ಉಡುಪಿನ ಭಾಗ ಅಂತ ಕಾನೂನು ಒಪ್ಪುತ್ತದೆ, ವಿಮಾನದ ಒಳಗೆ ಬಿಡೋದಿಲ್ಲ. ಪಿನ್ನು, ಬೆಲ್ಟು, ಸ್ಪೊರನ್ ಸರಪಳಿ ಎಲ್ಲ ಬಿಚ್ಚಿ ಟ್ರೇಯಲ್ಲಿಟ್ಟೆ. (ಉಡದೆ ಒಯ್ಯುವುದಾದರೆ ಉದ್ದಕ್ಕೆ ಮಡಿಚಿ ಚಾಪೆ ತರ ಸುತ್ತಿ, ನೆರಿಗೆ ಹಾಗೇ ಉಳಿಯುತ್ತದೆ.) ಮರಿಯನ್‌ಪ್ಲಾಟ್ಸ್ ಚೌಕದ ತುಂಬ ಕಿಲ್ಟ್‌ಗಳು. ಜರ್ಮನಿ ಸ್ಕಾಟ್ಲೆಂಡನ್ನು 5-1ರಲ್ಲಿ ಹೊಡೆಯಿತು, ಆದರೂ ಜನ ಹಾಡುತ್ತಲೇ ಇದ್ದರು. ನಾನು ಅಷ್ಟು ಸಂತೋಷವಾಗಿ ಬೀದಿಯಲ್ಲಿ ನಡೆದದ್ದು ಕಡಿಮೆ.

ಅವತ್ತು ರಾತ್ರಿ ಯಾರೋ ಹಿಂದಿನಿಂದ ಬಂದು ನನ್ನ ಕಿಲ್ಟ್ ಎತ್ತಿದರು. ಕೈಯಲ್ಲಿ ಮೊಬೈಲು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಒಬ್ಬ ಹುಡುಗಿಯ ಬಟ್ಟೆಯನ್ನು ಹಾಗೆ ಎತ್ತಿದ್ದರೆ ಅಲ್ಲಿ ಯಾರೂ ನಗುತ್ತಿರಲಿಲ್ಲ. ಎತ್ತಿದ ಕೈಗಿಂತ ನನ್ನ ನಗುವೇ ನನಗೆ ಜಾಸ್ತಿ ನೋವು ಕೊಟ್ಟಿದೆ. ಆ ಹಿರಿಯರ ನಗು ನನಗೆ ತಕ್ಷಣ ಅರ್ಥವಾಗಿದ್ದು ಅದಕ್ಕೇ.

ರೈಲಿನಲ್ಲೇ ಎದ್ದು ಹೋಗಿ ಹುಡುಗರ ಹತ್ತಿರ ಕನ್ನಡದಲ್ಲಿ ಮಾತಾಡಿದೆ. ಗಾಬರಿಯಾದರು. "ಸಾರಿ ಅಣ್ಣಾ, ತಮಾಷೆಗೆ ಕೇಳಿದ್ವಿ. ಇಲ್ಲಿಯವರೇ ಇದರ ಬಗ್ಗೆ ಜೋಕ್ ಮಾಡ್ತಾರಲ್ಲ?" ಅಂದ ಒಬ್ಬ. ಮಾಡುತ್ತಾರೆ, ಸುಳ್ಳಲ್ಲ. ಜೊತೆಗೆ ಕುಡಿದು ಬೆಳೆದವರು ತಮ್ಮತಮ್ಮಲ್ಲಿ ಮಾಡಿಕೊಳ್ಳುತ್ತಾರೆ. ಮೊಮ್ಮಗಳ ಮದುವೆಗೆ ಹೊರಟ ಗುರುತಿಲ್ಲದ ಅಜ್ಜನ ಒಳಉಡುಪು ಕೇಳುವುದಕ್ಕೂ ಅದಕ್ಕೂ ಏನು ಸಂಬಂಧ?

ಇನ್ನು ಕೆಲವರು ಓದಿಕೊಂಡು ಬರುತ್ತಾರೆ. ಈಗಿನ ಗಿಡ್ಡ ಕಿಲ್ಟ್ 18ನೇ ಶತಮಾನದ್ದಂತೆ, ಹೊಲಿಸಿದವನು ಇಂಗ್ಲೆಂಡಿನವನಂತೆ, 1822ರಲ್ಲಿ ಬ್ರಿಟನ್ನಿನ ರಾಜ ನಾಲ್ಕನೇ ಜಾರ್ಜ್ ಇಲ್ಲಿಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಎಲ್ಲರಿಗೂ ಉಡಿಸಿ ಮೆರೆಸಿದ್ದಂತೆ. ಇರಲಿ ಬಿಡಿ. ರಾಜನ ವಿರುದ್ಧ ದಂಗೆಯೆದ್ದ ಹೈಲ್ಯಾಂಡ್ಸಿನವರು ಕಲೋಡನ್ ಯುದ್ಧ ಸೋತ ಮೇಲೆ 1746ರಲ್ಲಿ ಇದೇ ಹೈಲ್ಯಾಂಡ್ ಉಡುಪನ್ನು ನಿಷೇಧ ಮಾಡಿದ್ದರು. ಸೈನ್ಯದವರಿಗೆ ಮಾತ್ರ ವಿನಾಯಿತಿ. ಉಟ್ಟು ಸಿಕ್ಕಿಬಿದ್ದರೆ ಆರು ತಿಂಗಳು ಜೈಲು, ಎರಡನೇ ಸಲ ಸಿಕ್ಕರೆ ಏಳು ವರ್ಷ ಸಮುದ್ರದಾಚೆ ಗಡೀಪಾರು. 1782ರವರೆಗೂ ಆ ಕಾನೂನಿತ್ತು. ಇಷ್ಟು ಹೆದರಿಸಿ ಬಿಡಿಸಿದ್ದನ್ನು ಜನ ಮತ್ತೆ ತಂದು ಮದುವೆಗೂ ಮಣ್ಣಿಗೂ ಉಡುತ್ತಿದ್ದಾರೆ. ಅದನ್ನು ಹೊಲಿದವರು ಯಾರು ಅಂತ ನಾನ್ಯಾಕೆ ತಲೆ ಕೆಡಿಸಿಕೊಳ್ಳಲಿ?

ನಮಗೂ ಇದು ಗೊತ್ತಿರಬೇಕಿತ್ತು. 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ, ಮಗನ ಜೊತೆ ಸಿನಿಮಾಕ್ಕೆ ಬಂದ ರೈತರನ್ನು ಪಂಚೆ ಉಟ್ಟಿದ್ದಾರೆ ಅಂತ ತಡೆದಾಗ ಎಷ್ಟು ಸಿಟ್ಟು ಮಾಡಿಕೊಂಡಿದ್ದೆವು! ಆ ಹುಡುಗರೂ ಮಾಡಿಕೊಂಡಿರುತ್ತಾರೆ.

ಎಡಿನ್‌ಬರಾದ ವೇವರ್ಲಿ ಸ್ಟೇಷನ್ ಬಂತು. ಹಿರಿಯರು ಎದ್ದರು. ಹಿಂದೆ ಒಂದು ನೆರಿಗೆ ಒಳಕ್ಕೆ ಮಡಚಿಕೊಂಡಿತ್ತು, ಅವರಿಗೆ ಕಾಣುವಂತಿರಲಿಲ್ಲ. ಹೇಳಿದೆ. ತಕ್ಷಣ ನನಗೆ ಬೆನ್ನು ಮಾಡಿ ನಿಂತರು. ನಾನು ಬಗ್ಗಿ ಅದನ್ನು ಎಳೆದು, ಅಂಚಿನವರೆಗೂ ಸವರಿ ಬಿಟ್ಟೆ. "ಥ್ಯಾಂಕ್ಸ್ ಮಗಾ" ಅಂದರು. ಆಗ ಅವರ ಕೈ ಸ್ಪೊರನ್ ಮೇಲಿಂದ ಎದ್ದಿತ್ತು.