ಎಫ್‌ಎಂನಲ್ಲಿ ಕನ್ನಡ ಯಾರ ಕೊಡುಗೆಯೂ ಅಲ್ಲ

ನಿನ್ನೆ ಒಂದು ಸಮಾರಂಭದಲ್ಲಿ ಭಾಷಣಕಾರರೊಬ್ಬರು ಖಾಸಗಿ ಎಫ್‌ಎಂ ಕೇಂದ್ರಗಳು ‘ಕನ್ನಡಕ್ಕೆ ಕೊಟ್ಟ ಕೊಡುಗೆ’ಯನ್ನು ಬಹಳ ಹೊತ್ತು ಕೊಂಡಾಡಿದರು. ಸಭೆ ಚಪ್ಪಾಳೆ ತಟ್ಟಿತು. ನನಗೆ ಮಾತ್ರ ಸಿಟ್ಟು ಬಂತು, ಮನೆಗೆ ಬಂದ ಮೇಲೂ ಇಳಿಯಲಿಲ್ಲ. ಆಕಾಶವಾಣಿಯಲ್ಲಿ ಕ್ಯಾಶುವಲ್ (ತಾತ್ಕಾಲಿಕ) ಉದ್ಘೋಷಕಿಯಾಗಿದ್ದ ನನಗೆ ಈ ವಿಷಯದಲ್ಲಿ ತಾಳ್ಮೆ ಕಡಿಮೆ ಎಂಬುದು ನಿಮಗೆಲ್ಲ ಗೊತ್ತೇ ಇದೆ.

ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರವಾದ ರೇಡಿಯೋ ಸಿಟಿ 2001ರ ಜುಲೈ 3ರಂದು ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿ. ಈ ಹೆಮ್ಮೆ ನನಗೂ ಇದೆ. ಆದರೆ ಕನ್ನಡ ನಾಡಿನ ರಾಜಧಾನಿಯಿಂದ ಹೊರಟ ಆ ದನಿಯಲ್ಲಿ ಮೊದಲ ವರ್ಷಗಳುದ್ದಕ್ಕೂ ಹಿಂದಿ ಮತ್ತು ಇಂಗ್ಲಿಷ್ ಹಾಡುಗಳದ್ದೇ ಮೇಲುಗೈಯಾಗಿತ್ತು ಎಂಬುದನ್ನು ಭಾಷಣಕಾರರು ಹೇಳಲಿಲ್ಲ. ಕನ್ನಡ ಹಾಡು ಬೇಕಾದವರು ಆಕಾಶವಾಣಿಯ 101.3ಕ್ಕೋ ವಿವಿಧ ಭಾರತಿಯ 102.9ಕ್ಕೋ ಮುಳ್ಳು ತಿರುಗಿಸುತ್ತಿದ್ದರು. ಅದನ್ನು ಕೊಡುಗೆ ಎಂದು ಕರೆಯುವುದು ಹೇಗೆ?

‘ಆಗಿನ ಪರವಾನಗಿ ಶುಲ್ಕ ಪದ್ಧತಿಯೇ ಹಾಗಿತ್ತು, ರೇಡಿಯೋ ಕೇಂದ್ರದವರು ಇನ್ನೇನು ಮಾಡಬೇಕಿತ್ತು?’ ಎಂದು ಗೆಳೆಯರು ಕೇಳಬಹುದು. ಪದ್ಧತಿ ಕಠಿಣವಾಗಿತ್ತು, ನಿಜ. ಖಾಸಗಿ ಎಫ್‌ಎಂಗಾಗಿ ಸರ್ಕಾರ ನಡೆಸಿದ ಮೊದಲ ಹಂತದ ಹರಾಜಿನಲ್ಲಿ 40 ನಗರಗಳ 108 ತರಂಗಾಂತರಗಳನ್ನು ಮುಂದಿಟ್ಟರೂ ಕೊನೆಗೆ ಕಾರ್ಯಾರಂಭ ಮಾಡಿದ್ದು 12 ನಗರಗಳ 21 ಕೇಂದ್ರಗಳು ಮಾತ್ರ. ಪರವಾನಗಿ ಶುಲ್ಕ ಆದಾಯವಿರಲಿ ಇಲ್ಲದಿರಲಿ ವರ್ಷಕ್ಕೆ ಶೇ 15ರಷ್ಟು ಏರುತ್ತಿದ್ದುದರಿಂದ, ದೊಡ್ಡ ಜಾಹೀರಾತುದಾರರು ಬಯಸುವ ಕೇಳುಗರ ಹಿಂದೆಯೇ ಕೇಂದ್ರಗಳು ಓಡಿದವು. ಆದರೆ ಆ ‘ಬಯಸುವ ಕೇಳುಗರ’ ಪಟ್ಟಿಯಲ್ಲಿ ಕನ್ನಡಿಗರಿಲ್ಲ ಎಂದು ತೀರ್ಮಾನಿಸಿದ್ದು ಶುಲ್ಕ ಪದ್ಧತಿಯಲ್ಲ. ಆಟೋ ಓಡಿಸುವವರು, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು, ಅಂಗಡಿಯಲ್ಲಿ ಇಡೀ ದಿನ ರೇಡಿಯೋ ಹಾಕಿಕೊಂಡು ಕೂರುವವರು ಸಾಬೂನು ಕೊಳ್ಳುವುದಿಲ್ಲವೇ, ಒಡವೆ ಕೊಳ್ಳುವುದಿಲ್ಲವೇ?

ಆ ತೀರ್ಮಾನ ತಪ್ಪೆಂದು ತೋರಿಸಿದ್ದು ಪೈಪೋಟಿ. 2005ರ ಹೊಸ ನೀತಿಯಲ್ಲಿ ವರ್ಷದಿಂದ ವರ್ಷಕ್ಕೆ ಏರುವ ಶುಲ್ಕ ಹೋಗಿ ಆದಾಯದ ಶೇ 4ರ ಪಾಲು ಬಂತು. 2006ರಿಂದ ಮಿರ್ಚಿ, ಬಿಗ್, ಎಸ್ ಎಫ್‌ಎಂ ಮುಂತಾದ ಕೇಂದ್ರಗಳು ಒಂದೊಂದಾಗಿ ಬೆಂಗಳೂರಿಗೆ ಬಂದವು. ಕೇಳುಗನ ಕೈಗೆ ಆಯ್ಕೆ ಸಿಕ್ಕಿದ ಕೂಡಲೇ ಅವನು ಕನ್ನಡವಿದ್ದಲ್ಲಿ ನಿಂತ, ಕೇಂದ್ರಗಳು ಅವನಿದ್ದಲ್ಲಿಗೆ ಬಂದವು. ಮೊದಲ ಕೇಂದ್ರವೂ ಕ್ರಮೇಣ ಕನ್ನಡದತ್ತ ಹೊರಳಿತು. ಅಷ್ಟು ವರ್ಷ ಕನ್ನಡ ಬೇಕೆಂದು ಪತ್ರ ಬರೆದವರು, ಪ್ರತಿಭಟಿಸಿದವರು, ಬೇಸತ್ತು ಮುಳ್ಳು ತಿರುಗಿಸಿದವರು ನಿನ್ನೆಯ ಭಾಷಣದಲ್ಲಿ ಒಮ್ಮೆಯೂ ಸುಳಿಯಲಿಲ್ಲ. ನನ್ನ ನೋವು ಇಷ್ಟೇ: ಕೇಳುಗರು ಗಳಿಸಿದ್ದನ್ನು ಕಂಪನಿಗಳ ಔದಾರ್ಯವೆಂದು ಬರೆದಿಡಬೇಡಿ.

ಇದು ಹಳೆಯ ಜಗಳವೂ ಅಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ನಗರಗಳಲ್ಲಿ 730 ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿದೆ. ಕರ್ನಾಟಕದ ಜಿಲ್ಲಾ ಕೇಂದ್ರಗಳೂ ಅದರಲ್ಲಿವೆ. ರಾಯಚೂರಿನ ಕೇಂದ್ರದಲ್ಲಿ ರಾಯಚೂರಿನ ಮಾತು ಕೇಳಿಸುವುದೋ, ಬೆಂಗಳೂರಿನಲ್ಲಿ ಧ್ವನಿಮುದ್ರಿಸಿದ ಕಾರ್ಯಕ್ರಮವೇ ಅಲ್ಲಿಗೂ ಹೋಗುವುದೋ ಎಂಬುದನ್ನು ಅಲ್ಲಿನವರು ಹರಾಜಿಗೆ ಮೊದಲೇ ಕೇಳಬೇಕು.