ವೂಫರ್‌ಗೆ ಬಂದ ಕೆಮ್ಮು

ಮೃದಂಗದ ಬಲಗೈ ಪೆಟ್ಟು ಚೆನ್ನಾಗೇ ಕೇಳುತ್ತಿತ್ತು. ಎಡಗೈ ಪೆಟ್ಟು ಬಿದ್ದಾಗ ಮಾತ್ರ ನಮ್ಮ ಎಡಗಡೆ ಸ್ಪೀಕರ್ "ಖೊರ್ರ್" ಅನ್ನುತ್ತಿತ್ತು, ನಮ್ಮಜ್ಜ ಬೆಳಿಗ್ಗೆ ಬಚ್ಚಲಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರಲ್ಲ, ಥೇಟ್ ಹಾಗೆ. ಮೊದಲ ದಿನ ಮೇಲಿನ ಮನೆಯವರ ಗ್ರೈಂಡರ್ ಇರಬೇಕು ಅಂದುಕೊಂಡೆ. ಎರಡನೇ ದಿನ ಅವರು ಊರಿಗೆ ಹೋದರು. ಖೊರ್ರ್ ಎಲ್ಲೂ ಹೋಗಲಿಲ್ಲ.

ಈ ಸ್ಪೀಕರ್ ಜೋಡಿಯನ್ನು ನಮ್ಮ ಮಾವ, ಅಂದ್ರೆ ಅಮ್ಮನ ತಮ್ಮ, 1986ರಲ್ಲಿ ದುಬೈಯಿಂದ ತಂದಿದ್ದರು. ಹತ್ತು ಇಂಚಿನ ವೂಫರ್ (ದಪ್ಪ ದನಿ ಹಾಡೋ ದೊಡ್ಡ ಸ್ಪೀಕರ್), ಗಟ್ಟಿ ಡಬ್ಬ. ಸಾಗರದ ಹತ್ತಿರ ಅವರ ಮನೆಯ ಜಗಲಿಯಲ್ಲಿ ಒಂದಷ್ಟು ವರ್ಷ ಹಾಡಿ, ಆಮೇಲೆ ತಲೆ ಮೇಲೆ ಅಡಿಕೆ ಚೀಲ ಹೊತ್ತುಕೊಂಡು ಅಟ್ಟದಲ್ಲಿ ಕೂತಿದ್ದವು. ಕಳೆದ ವರ್ಷ "ಬೇಕೇನೋ?" ಅಂದರು. ಬೇಡ ಅನ್ನೋ ವಂಶ ನಮ್ಮದಲ್ಲ. ಇಪ್ಪತ್ತು ವರ್ಷ ಯಾರೂ ಮುಟ್ಟಿಲ್ಲ, ಹೊಸದರ ಹಾಗೇ ಇರುತ್ತೆ ಅಂತ ನನ್ನ ಲೆಕ್ಕ.

ತಂತಿ ಅದಲುಬದಲು ಮಾಡಿ ನೋಡು ಅಂತ ಗೆಳೆಯನೊಬ್ಬ ಹೇಳಿದ. ಸುಲಭದ ಪರೀಕ್ಷೆ. ಆಂಪ್ಲಿಫೈಯರ್ ಹಿಂದೆ ಎಡದ ತಂತಿ ಬಲಕ್ಕೆ, ಬಲದ್ದು ಎಡಕ್ಕೆ ಹಾಕಬೇಕು. ಗೊರಗೊರ ಬಲಗಡೆ ಸ್ಪೀಕರ್‌ಗೆ ದಾಟಿದರೆ ರೋಗ ಆಂಪ್ಲಿಫೈಯರ್‌ದು ಅಥವಾ ಅದಕ್ಕೂ ಹಿಂದಿನದ್ದು, ಇದ್ದಲ್ಲೇ ಇದ್ದರೆ ಸ್ಪೀಕರ್‌ದೋ ಅದರ ತಂತಿಯದೋ. ನಾನು ಆಂಪ್ಲಿಫೈಯರ್ ಕಡೆ ಬದಲಿಸಿದೆ. ಶ್ರದ್ಧೆ ಜಾಸ್ತಿಯಾಗಿ ಸ್ಪೀಕರ್ ಕಡೆಯೂ ಬದಲಿಸಿಬಿಟ್ಟೆ. ಅಂದರೆ ಎಲ್ಲವೂ ಮೊದಲಿದ್ದ ಜಾಗಕ್ಕೇ ಬಂತು. ಖೊರ್ರ್ ಎಡಗಡೆಯಲ್ಲೇ ಉಳಿಯಿತು. "ನೋಡು, ಸ್ಪೀಕರ್‌ದೇ ತೊಂದರೆ" ಅಂತ ತೀರ್ಪು ಕೊಟ್ಟೆ. ದಾರಿ ತಪ್ಪು, ಉತ್ತರ ಸರಿ. ಎಸ್ಸೆಸ್ಸೆಲ್ಸಿ ಗಣಿತವನ್ನೂ ಹೀಗೇ ಪಾಸು ಮಾಡಿದ್ದೆ.

ಮುಂದಿನ ಬಟ್ಟೆ ಜಾಲರಿ ಕಿತ್ತೆ. ಕಾಗದದ ಕೋನ್‌ನ ಸುತ್ತ ಒಂದು ಉಬ್ಬಿದ ಮೆತ್ತನೆ ಅಂಚು ಇರುತ್ತೆ, ಕೋನ್ ಮುಂದೆ ಹಿಂದೆ ಆಡುವಾಗ ಅದನ್ನು ನೆಟ್ಟಗೆ ಹಿಡಿದಿಡೋದು ಅದೇ. ನಮ್ಮದರಲ್ಲಿ ಅದು ಫೋಮಿನದು. ಬೆರಳು ತಾಗಿಸಿದೆ ಅಷ್ಟೇ, ಹಪ್ಪಳದ ಹಾಗೆ ಪುಡಿಯಾಯಿತು. ಹಪ್ಪಳವಾದರೆ ಕೈಗೆ ಅಂಟಲ್ಲ, ಇದು ಪಾತ್ರೆಗೆ ಹತ್ತಿದ ಸುಟ್ಟ ಬೆಲ್ಲದ ಹಾಗೆ ಅಂಟಿತು, ಎರಡು ದಿನ ಸೋಪು ಹಾಕಿದರೂ ಉಗುರಿನ ಸಂದಿಯಿಂದ ಹೋಗಲಿಲ್ಲ. ಪಾಲಿಯೂರಿಥೇನ್ ಫೋಮು ಗಾಳಿಯ ತೇವ ಕುಡಿದು ಕುಡಿದು ತಾನಾಗೇ ಕೊಳೆಯುತ್ತೆ. ಹದಿನೈದು ಇಪ್ಪತ್ತು ವರ್ಷಕ್ಕೆ ಅದರ ಆಯಸ್ಸು ಮುಗೀತು, ಹಾಡಿದರೂ ಅಷ್ಟೇ, ಸುಮ್ನೆ ಕೂತರೂ ಅಷ್ಟೇ. ಅದರಲ್ಲೂ ಮಲೆನಾಡಿನ ಅಟ್ಟ! ಬಲಗಡೆಯದರ ಫೋಮೂ ಬಿರುಕು ಬಿಟ್ಟಿತ್ತು, ಇನ್ನೂ ಬಾಯಿ ಬಿಟ್ಟಿರಲಿಲ್ಲ ಅಷ್ಟೇ. ಡಬ್ಬದ ಗಾಳಿ ತೂತಿನಲ್ಲಿ ಕಣಜ ಮಣ್ಣಿನ ಗೂಡು ಬೇರೆ ಕಟ್ಟಿತ್ತು.

ಅಂಚು ಹರಿದರೆ ಕೋನ್ ವಾಲುತ್ತೆ, ಹಿಂದಿರುವ ಕಾಯಿಲ್, ಅಂದ್ರೆ ತಂತಿ ಸುರುಳಿ, ಮ್ಯಾಗ್ನೆಟ್ಟಿನ ಸಂದಿನಲ್ಲಿ ಉಜ್ಜುತ್ತೆ. ಹಾಗೇ ಬಾರಿಸುತ್ತಾ ಹೋದರೆ ಕಾಯಿಲ್ಲೇ ಹಾಳು. ಉಜ್ಜುತ್ತಿದೆಯಾ ಅಂತ ತಿಳಿಯೋಕೆ ಕೋನನ್ನು ಎರಡೂ ಕೈಯ ಬೆರಳಿಂದ, ಎಲ್ಲ ಕಡೆ ಸಮನಾಗಿ, ಮೆಲ್ಲಗೆ ಒಳಗೆ ಒತ್ತಿ ಕಿವಿಗೊಡಬೇಕು. ಕರಕರ ಅಂದರೆ ಉಜ್ಜುತ್ತಿದೆ. ನಾನು ಕಾಲಿಂಗ್ ಬೆಲ್ ಒತ್ತಿದ ಹಾಗೆ ನಡುಮಧ್ಯೆ ಹೆಬ್ಬೆರಳಿಟ್ಟೆ. ನಡುವಿನ ದುಂಡು ಮುಚ್ಚಳ "ಪಕ್" ಅಂತ ಒಳಗೆ ಹೋಯಿತು. ಅದನ್ನು ಹೊರಗೆಳೆಯಲು ಸೆಲೋಟೇಪ್ ಅಂಟಿಸಿ ಚರ್ರನೆ ಕೀಳುತ್ತಾ ಕೂತಿದ್ದಾಗ ಹೆಂಡತಿ ಬಂದಳು. "ಏನ್ರೀ, ಅದಕ್ಕೂ ವ್ಯಾಕ್ಸಿಂಗಾ?"

ಮರುದಿನ ವೂಫರ್ ಬಿಚ್ಚಿಕೊಂಡು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವರು ಮೀಟರಿನ ಎರಡು ಕಡ್ಡಿ ಇಟ್ಟರು. 6.4 ಬಂತು. ನನಗೆ ಎದೆ ಧಸಕ್ ಅಂತು. ಹಿಂದೆ 8 ಓಂ ಅಂತ ಬರೆದಿದೆ, 1.6 ಓಂ ಯಾರು ಹೊಡೆದರು? "ಸಾರ್, ಮೀಟರಲ್ಲಿ ಯಾವಾಗ್ಲೂ ಕಮ್ಮಿನೇ ಬರೋದು" ಅಂತ ನಕ್ಕರು. ಡಬ್ಬದ ಮೇಲಿನ 8, ಹಾಡು ಹರಿಯುವಾಗಿನ ತಡೆ. ಮೀಟರ್ ಅಳೆಯೋದು ಬರೀ ಡಿಸಿಗೆ, ಅಂದ್ರೆ ಒಂದೇ ದಿಕ್ಕಿಗೆ ಹರಿಯೋ ಕರೆಂಟಿಗೆ, ತಂತಿ ಒಡ್ಡೋ ತಡೆ. ಎಂಟಕ್ಕೆ ಆರು ಚಿಲ್ಲರೆ ಬಂದರೆ ಕಾಯಿಲ್ ಜೀವಂತ. ಏನೂ ತೋರಿಸದಿದ್ದರೆ ತಂತಿ ಕಡಿದಿದೆ ಅಂತ. "ಹೊಸ ವೂಫರ್ ಹಾಕಿಬಿಡಿ ಸಾರ್" ಅಂದರು. ಆ ಡಬ್ಬದ ಅಳತೆ ಆ ವೂಫರ್‌ಗೇ ಹೊಂದಿಸಿದ್ದು, ಇನ್ನೊಂದು ತಂದು ತುರುಕಿದರೆ ಆ ದನಿ ಬರಲ್ಲ. ಫೋಮ್ ರಿಂಗ್ ಮಾತ್ರ ತಂದೆ.

ರಿಂಗ್ ಅಂಟಿಸೋದು ದೊಡ್ಡದಲ್ಲ, ಹಳೇ ಗೋಂದು ಕೆರೆಯೋದೇ ದೊಡ್ಡದು. ಕಾಯಿಲ್ ನಟ್ಟನಡುವೆ ನಿಲ್ಲಬೇಕು, ಕೂದಲೆಳೆಯಷ್ಟೂ ವಾಲಬಾರದು. ಅದಕ್ಕೆ ಮುಚ್ಚಳವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು (ಹೇಗೂ ನಾನೇ ಹಾಳು ಮಾಡಿದ್ದೆನಲ್ಲ) ಕಾಯಿಲ್ ಮತ್ತು ಒಳಗಿನ ಕಬ್ಬಿಣದ ನಡುವೆ ನಾಲ್ಕು ಕಡೆ ತೆಳು ಪಟ್ಟಿ ತುರುಕಬೇಕು. ಗೋಂದು ಒಣಗಿದ ಮೇಲೆ ಪಟ್ಟಿ ಎಳೆದುಬಿಡೋದು. ವಿಸಿಟಿಂಗ್ ಕಾರ್ಡ್ ದಪ್ಪವಾಯಿತು. ಪೇಪರ್ ತೆಳುವಾಯಿತು. ಬೀರುವಿನ ಮೇಲೆ ಒಂದು ಹಳೇ ಎಕ್ಸ್‌ರೇ ಸಿಕ್ಕಿತು, ಹೇಳಿ ಮಾಡಿಸಿದ ಹಾಗಿತ್ತು. ಎರಡು ವೂಫರ್‌ಗೆ ಎಂಟು ಪಟ್ಟಿ ಕತ್ತರಿಸಿದೆ. ಇಷ್ಟು ವರ್ಷದ ಭಾರಕ್ಕೆ ಕೋನ್ ಕೆಳಗೆ ಜಗ್ಗಿದ್ದರೆ ಅಂತ, ಡಬ್ಬಕ್ಕೆ ಕೂರಿಸುವಾಗ ಅರ್ಧ ಸುತ್ತು ತಿರುಗಿಸಿ, ಮೇಲಿದ್ದದ್ದು ಕೆಳಗೆ ಬರುವ ಹಾಗೆ ಸ್ಕ್ರೂ ಬಿಗಿದೆ.

ಮೃದಂಗದ ಎಡಗೈ ಬಿತ್ತು. "ಧೋಂ" ಅಂತು. ಕೆಮ್ಮಿಲ್ಲ, ಏನಿಲ್ಲ.

ಭಾನುವಾರ ಅಕ್ಕನ ಮಗ ಬಂದ. ಬಾಸ್ ಪೂರ್ತಿ ತಿರುಗಿಸಿ, ಮೇಲೆ ಲೌಡ್‌ನೆಸ್ ಬಟನ್ನೂ ಒತ್ತಿ ಕೂತ. "ಮಾಮ, ವಾಲ್ಯೂಮ್ ಅರ್ಧಕ್ಕೇ ಇದೆಯಲ್ಲ!" ಆ ಅರ್ಧವೇ ಮೋಸ. ಬಾಸು ಹತ್ತು ಡೆಸಿಬೆಲ್ ಏರಿಸಿದರೆ ಆ ಸ್ವರಗಳಿಗೆ ಹತ್ತು ಪಟ್ಟು ಪವರ್ ಬೇಕು. ವಾಲ್ಯೂಮ್ ಗುಬುಟು ಅರ್ಧಕ್ಕೆ ಬರೋ ಹೊತ್ತಿಗೇ ನಮ್ಮ ಪುಟ್ಟ ಆಂಪ್ಲಿಫೈಯರ್ ಏದುಸಿರು ಬಿಟ್ಟು ಅಲೆಗಳ ತಲೆ ಕತ್ತರಿಸೋಕೆ ಶುರು ಮಾಡುತ್ತೆ, ಆಗ ಮೊದಲು ಹೋಗೋದು ಪಾಪ ಟ್ವೀಟರ್, ಅದೇ ಕೀರಲು ದನಿ ಹಾಡೋ ಪುಟ್ಟ ಸ್ಪೀಕರ್. ವೂಫರ್‌ಗೆ ಅದಕ್ಕಿಂತ ದೊಡ್ಡ ಯಮ ಡಿಸಿ. ಗೆಳೆಯನ ಮನೆಯಲ್ಲಿ ಆಂಪ್ಲಿಫೈಯರ್ ಒಳಗಿನ ಟ್ರಾನ್ಸಿಸ್ಟರ್ ಶಾರ್ಟ್ ಆಗಿ "ಢಬ್" ಅಂತ ಕೋನ್ ಮುಂದಕ್ಕೆ ಹಾರಿ ಅಲ್ಲೇ ನಿಂತು, ಆಮೇಲೆ ಇಸ್ತ್ರಿ ಪೆಟ್ಟಿಗೆ ಮರೆತ ವಾಸನೆ ಬಂತಂತೆ. ಅದನ್ನು ಕೇಳಿದ ಮೇಲೆ ನಾನು ಸ್ಪೀಕರ್ ತಂತಿ ಬಿಚ್ಚಿ, ಆಂಪ್ಲಿಫೈಯರ್ ಬಾಯಿಗೆ ಆಗಾಗ ಮೀಟರ್ ಇಟ್ಟು ನೋಡುತ್ತೇನೆ. 50 ಮಿಲಿವೋಲ್ಟ್ ಒಳಗಿದ್ದರೆ ನೆಮ್ಮದಿ. ನಮ್ಮದು 18. ಹೆಂಡತಿಯ ಪ್ರಕಾರ ನನ್ನ ಬಿಪಿಯನ್ನು ನಾನು ಇಷ್ಟು ಸಲ ನೋಡಿಕೊಂಡಿಲ್ಲ.

ಹೋದ ವಾರ ಅಪ್ಪನ ಮಂಡಿನೋವು ಜಾಸ್ತಿಯಾಯಿತು ಅಂತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅಪ್ಪ ಕವರು ಮುಂದಿಟ್ಟರು. ಡಾಕ್ಟರು ಒಳಗಿದ್ದ ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದರು. ಕೆಳಗಿನ ಅರ್ಧ ಇರಲಿಲ್ಲ.

"ಇದರ ಉಳಿದ ಭಾಗ?"

ಅಪ್ಪ ನನ್ನ ಕಡೆ ತಿರುಗಿದರು. ಎಂಟು ಪಟ್ಟಿಯನ್ನೂ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೇನೆ, ಜೋಡಿಸಿ ತಂದುಕೊಡಬಹುದು ಅಂದೆ.